ಕತ್ತಿನ ಗಂಟು ಮನೆತನದ್ದೇ? ಗಳಗಂಡ ಮತ್ತು ವಂಶವಾಹಿ: ಪದೇ ಪದೇ ಕೇಳುವ ಪ್ರಶ್ನೆಗಳು

"ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇದೆಯಾ?" ಎಂದು ಕೇಳಿದರೆ ಹೆಚ್ಚಿನವರು "ಅಯ್ಯೋ, ಎಲ್ಲರಿಗೂ ಇದೆ ಡಾಕ್ಟ್ರೇ" ಎನ್ನುತ್ತಾರೆ. ನಿಜವೇ. ಥೈರಾಯ್ಡ್ ಗ್ರಂಥಿ ಎಲ್ಲರ ಕತ್ತಿನಲ್ಲೂ ಇದೆ. ಆದರೆ ಆ ಉತ್ತರದಿಂದ ನನಗೆ ಏನೂ ತಿಳಿಯುವುದಿಲ್ಲ. ತಪ್ಪು ನನ್ನ ಪ್ರಶ್ನೆಯದ್ದೇ ಇರಬೇಕು. ಯಾರಿಗೆ, ಯಾವ ವಯಸ್ಸಿನಲ್ಲಿ, ಏನಾಗಿತ್ತು, ಆಪರೇಷನ್ ಆಗಿದ್ದರೆ ರಿಪೋರ್ಟ್ ಏನು ಹೇಳಿತ್ತು ಎಂದು ಬಿಡಿಸಿ ಕೇಳಿದಾಗಲೇ ವಂಶದ ಕಥೆ ತೆರೆದುಕೊಳ್ಳುವುದು. ಕುಟುಂಬಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಅಜ್ಜಿಗೂ ಅಮ್ಮನಿಗೂ ಕತ್ತು ಊದಿತ್ತು. ನನಗೂ ಬಂದೇ ಬರುತ್ತದೆಯೇ?

ಬಂದೇ ಬರುತ್ತದೆ ಎಂದೇನಿಲ್ಲ. ಬರುವ ಸಾಧ್ಯತೆ ಮಾತ್ರ ಬೇರೆಯವರಿಗಿಂತ ಹೆಚ್ಚು. ಸಾಮಾನ್ಯ ಗಳಗಂಡದಲ್ಲಿ, ಅಂದರೆ ಥೈರಾಯ್ಡ್ ಗ್ರಂಥಿ ಊದಿಕೊಳ್ಳುವುದರಲ್ಲಿ, ತಾಯಿಯಿಂದ ಮಗಳಿಗೆ ದಾಟುವುದು ಒಲವು. ಒಂದೊಂದೂ ಸ್ವಲ್ಪ ಸ್ವಲ್ಪ ಪ್ರಭಾವ ಬೀರುವ ಹತ್ತಾರು ವಂಶವಾಹಿಗಳು ಸೇರಿ ಆ ಒಲವು ಆಗುತ್ತದೆ. ಅದರ ಮೇಲೆ ಊಟದ ಅಯೋಡಿನ್, ಬಸಿರು, ಬೀಡಿ ಸಿಗರೇಟಿನ ಹೊಗೆ, ವಯಸ್ಸು ಎಲ್ಲವೂ ಕೆಲಸ ಮಾಡುತ್ತವೆ. ಒಂದೇ ವಂಶವಾಹಿ (ಜೀನ್) ಕೆಟ್ಟು, ನೇರವಾಗಿ ಮಕ್ಕಳಿಗೆ ಇಳಿಯುವ ಕಾಯಿಲೆಗಳೂ ಇವೆ. ಅವು ಅಪರೂಪ. ಅವುಗಳ ಸುಳಿವುಗಳನ್ನು ಮುಂದೆ ಹೇಳುತ್ತೇನೆ.

ಅಜ್ಜಿಯ ಊರಿನಲ್ಲಿ ಬಹಳ ಜನಕ್ಕೆ ಕತ್ತು ಊದಿರುತ್ತಿತ್ತಂತೆ. ಹಾಗಾದರೆ ಅದು ಅಯೋಡಿನ್ ಕೊರತೆಯೇ ಅಲ್ಲವೇ?

ಊರಿಗೆ ಊರೇ ಊದಿಕೊಂಡಿದ್ದರೆ ಮೊದಲು ನೆಲವನ್ನು ಅನುಮಾನಿಸಬೇಕು, ವಂಶವನ್ನಲ್ಲ. ಜೋರು ಮಳೆ ಬೀಳುವ ಬೆಟ್ಟದ ಸೀಮೆಗಳಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿಹೋಗುತ್ತದೆ. ಆ ಮಣ್ಣಿನಲ್ಲಿ ಬೆಳೆದ ಬೆಳೆಯಲ್ಲೂ ಅದು ಇರುವುದಿಲ್ಲ. ಹಿಮಾಲಯದ ತಪ್ಪಲು ಇದಕ್ಕೆ ಹೆಸರುವಾಸಿ. ನಮ್ಮ ಕೊಡಗು, ಚಿಕ್ಕಮಗಳೂರುಗಳಲ್ಲೂ ಈ ತೊಂದರೆ ಇತ್ತು.

1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಗಾರರು ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆಯನ್ನು ಮೂರು ಭಾಗ ಮಾಡಿಕೊಂಡು, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಮಾಮೂಲಿ ಉಪ್ಪು ಹಂಚಿದರು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಸಿಕ್ಕ ಎರಡೂ ಭಾಗಗಳಲ್ಲಿ ಮಕ್ಕಳ ಗಳಗಂಡ ಸ್ಪಷ್ಟವಾಗಿ ಇಳಿಯಿತು. ಮೂರನೆಯದರಲ್ಲಿ ಹಾಗಾಗಲಿಲ್ಲ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಕಣಿವೆಯವರ ವಂಶವಾಹಿ ಬದಲಾಗಿರಲಿಲ್ಲ, ಉಪ್ಪು ಬದಲಾಗಿತ್ತು.

ಒಂದೇ ಮನೆಯವರು ವಂಶವಾಹಿಯ ಜೊತೆಗೆ ಉಪ್ಪಿನ ಭರಣಿಯನ್ನೂ ಹಂಚಿಕೊಂಡಿರುತ್ತಾರೆ. "ಮನೆಯಲ್ಲಿ ಮೂವರಿಗಿದೆ" ಎಂದ ಮಾತ್ರಕ್ಕೆ ಆನುವಂಶಿಕ ಎಂದು ತೀರ್ಮಾನಿಸಬಾರದು ಎನ್ನುವುದು ಇದಕ್ಕೇ. ಈಚೆಗೆ ಗುಲಾಬಿ ಬಣ್ಣದ ಉಪ್ಪು, ಸೈಂಧವ ಲವಣ ಎಂದು ದುಬಾರಿ ಬೆಲೆ ಕೊಟ್ಟು ತಂದು, ಅಯೋಡಿನ್ ಉಪ್ಪನ್ನು ಅಡುಗೆಮನೆಯಿಂದಲೇ ಹೊರಗಿಡುವವರನ್ನು ನೋಡುತ್ತಿದ್ದೇನೆ. ಆ ಉಪ್ಪುಗಳಲ್ಲಿ ಸಹಜವಾಗಿರುವ ಅಯೋಡಿನ್ ಏತಕ್ಕೂ ಸಾಲದು. ವಯಸ್ಕರಿಗೆ ದಿನಕ್ಕೆ 150 ಮೈಕ್ರೊಗ್ರಾಂ, ಬಸುರಿಯರಿಗೆ 250 ಮೈಕ್ರೊಗ್ರಾಂ ಅಯೋಡಿನ್ ಬೇಕು.

ಹಾಗಾದರೆ ವಂಶದ ಪಾಲು ಎಷ್ಟು?

ಇದನ್ನು ಚೆನ್ನಾಗಿ ಅಳೆದವರು ಡೆನ್ಮಾರ್ಕಿನವರು. ಅಲ್ಲಿ ಅವಳಿಗಳ ದೊಡ್ಡ ರಾಷ್ಟ್ರೀಯ ದಾಖಲೆಯಿದೆ. ತದ್ರೂಪಿ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ. ಬೇರೆ ಅವಳಿಗಳದ್ದು ಅಣ್ಣತಮ್ಮಂದಿರಷ್ಟೇ ಹೋಲಿಕೆ. ಎರಡೂ ಬಗೆಯ ಜೋಡಿಗಳನ್ನು ಹೋಲಿಸಿ ನೋಡಿದಾಗ ಮಹಿಳೆಯರ ಸಾಮಾನ್ಯ ಗಳಗಂಡದಲ್ಲಿ ಆನುವಂಶಿಕ ಪಾಲು ಶೇ 82 ಎಂದು 1999ರಲ್ಲಿ ಲೆಕ್ಕ ಸಿಕ್ಕಿತು. ಆರೋಗ್ಯವಂತ ಅವಳಿಗಳಲ್ಲಿ ಗ್ರಂಥಿಯ ಗಾತ್ರಕ್ಕೆ ಇದು ಸುಮಾರು ಶೇ 71, ಗಂಟುಗಳಿಗೆ ಸುಮಾರು ಶೇ 67.

ಈ ಸಂಖ್ಯೆಗಳನ್ನು ನೋಡಿ ಗಾಬರಿಯಾಗುವವರಿದ್ದಾರೆ. ಶೇ 82 ಎಂದರೆ ನಿಮಗೆ ಗಳಗಂಡ ಬರುವ ಸಂಭವ ಶೇ 82 ಎಂದಲ್ಲ. ಒಂದೇ ಹೊಲದಲ್ಲಿ, ಒಂದೇ ಗೊಬ್ಬರ ನೀರು ಕೊಟ್ಟು ಹತ್ತು ತಳಿಯ ರಾಗಿ ಬಿತ್ತಿದರೆ ತೆನೆಗಳ ನಡುವಿನ ವ್ಯತ್ಯಾಸಕ್ಕೆ ಕಾರಣ ಬೀಜವೇ. ಅರ್ಧ ಹೊಲಕ್ಕೆ ಮಾತ್ರ ನೀರು ಹಾಯಿಸಿದರೆ ವ್ಯತ್ಯಾಸದ ಕಾರಣ ನೀರಾಗುತ್ತದೆ, ಬೀಜ ಅದೇ ಇದ್ದರೂ. ಅಯೋಡಿನ್ ಎಲ್ಲರಿಗೂ ಹೆಚ್ಚುಕಡಿಮೆ ಸಮನಾಗಿ ಸಿಗುವ ಸಮಾಜದಲ್ಲಿ ವಂಶದ ಪಾಲು ದೊಡ್ಡದಾಗಿ ಕಾಣುತ್ತದೆ. ಕೊರತೆ ಇರುವಲ್ಲಿ ಅದು ಕುಗ್ಗುತ್ತದೆ. ಡೆನ್ಮಾರ್ಕಿನ ಅಂಕಿಯನ್ನು ಹಾಗೆಯೇ ಎತ್ತಿ ಹಾವೇರಿಗೋ ಹಾಸನಕ್ಕೋ ಅಂಟಿಸಲಾಗದು.

ನನಗೆ ಹಾಶಿಮೊಟೊ, ಅಕ್ಕನಿಗೆ ಗ್ರೇವ್ಸ್, ಅಮ್ಮನಿಗೆ ಗಂಟು. ಇವೆಲ್ಲ ಒಂದೇ ಕಾಯಿಲೆಯೇ?

ಮೊದಲ ಎರಡು ದಾಯಾದಿಗಳು, ಮೂರನೆಯದು ಬಹುಶಃ ಬೇರೆ ಮನೆಯದು. ಹಾಶಿಮೊಟೊ ಮತ್ತು ಗ್ರೇವ್ಸ್ ಎರಡರಲ್ಲೂ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುತ್ತದೆ. ಹಾಶಿಮೊಟೊದಲ್ಲಿ ಹಾರ್ಮೋನ್ ತಗ್ಗುತ್ತದೆ, ಗ್ರೇವ್ಸ್‌ನಲ್ಲಿ ಉಕ್ಕುತ್ತದೆ. ಎರಡರಲ್ಲೂ ಗ್ರಂಥಿ ಊದಬಹುದು. ಎಚ್‌ಎಲ್‌ಎ, ಸಿಟಿಎಲ್‌ಎ-4, ಪಿಟಿಪಿಎನ್-22 ಎಂಬ ರೋಗನಿರೋಧಕ ವಂಶವಾಹಿಗಳ ಕೆಲವು ರೂಪಗಳು ಇದಕ್ಕೆ ಒಲವು ಕೊಡುತ್ತವೆ. ಹಾಗಾಗಿ ಒಂದೇ ಮನೆಯಲ್ಲಿ ಎರಡೂ ಕಾಣಿಸಿಕೊಳ್ಳುವುದು ಮಾಮೂಲು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಗ್ರೇವ್ಸ್ ಬಂದರೆ ಇನ್ನೊಬ್ಬರಿಗೂ ಬಂದದ್ದು ಡೆನ್ಮಾರ್ಕಿನ ಲೆಕ್ಕದಲ್ಲಿ ಸುಮಾರು ಮೂರರಲ್ಲಿ ಒಂದು ಜೋಡಿಗೆ ಮಾತ್ರ. ಜೀನ್ ಎಲ್ಲವೂ ಒಂದೇ ಆಗಿದ್ದರೂ ಮೂರರಲ್ಲಿ ಇಬ್ಬರು ತಪ್ಪಿಸಿಕೊಂಡಿದ್ದಾರೆ ಎಂದಾಯಿತು.

ಅಮ್ಮನ ಗಂಟು ಬೇರೆ ದಾರಿಯಲ್ಲಿ ಬೆಳೆದಿರಬಹುದು. ಅದರ ಪರೀಕ್ಷೆಯೂ ಬೇರೆ. ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಹಾರ್ಮೋನ್ ಸರಿಯಿದೆ ಎಂದ ಮಾತ್ರಕ್ಕೆ ಗಂಟು ನಿರಪಾಯ ಎಂದು ಹೇಳಲಾಗದು. ಹಾರ್ಮೋನಿನ ಲೆಕ್ಕ ಬೇರೆ, ಗಂಟಿನ ಗುಣ ಬೇರೆ.

ಒಂದೇ ಜೀನ್‌ನಿಂದ ಬರುವ, ಹಲವು ಗಂಟುಗಳ ಗಳಗಂಡ ಇದೆಯೇ?

ಇದೆ. 1997ರಲ್ಲಿ ಕೆನಡಾದ ಒಂದು ದೊಡ್ಡ ಕುಟುಂಬದಲ್ಲಿ ಇಂಥ ಗಳಗಂಡದ ಜಾಡು ಹಿಡಿದು ಹೊರಟವರು 14ನೇ ವರ್ಣತಂತುವಿಗೆ (ಜೀನ್‌ಗಳನ್ನು ಹೊತ್ತ ಎಳೆ, ಕ್ರೋಮೊಸೋಮ್) ಬಂದು ತಲುಪಿದರು. ಅದೇ ವರ್ಣತಂತುವಿನ ಮೇಲಿರುವ ಡೈಸರ್-1 ಎಂಬ ಜೀನ್‌ನ ದೋಷದಿಂದ ಕುಟುಂಬದಲ್ಲಿ ಗಳಗಂಡ ಬರಬಹುದು ಎಂದು 2011ರಲ್ಲಿ ತಿಳಿಯಿತು. ಡೈಸರ್ ಮಾಡುವುದು ಹೆಸರಿಗೆ ತಕ್ಕ ಕೆಲಸ. ಉದ್ದನೆಯ ಆರ್‌ಎನ್‌ಎ ಎಳೆಗಳನ್ನು ಸಣ್ಣ ತುಂಡುಗಳಾಗಿ ಹೆಚ್ಚುತ್ತದೆ. ಆ ತುಂಡುಗಳು ಬೇರೆ ಜೀನ್‌ಗಳನ್ನು ಹದದಲ್ಲಿಡುತ್ತವೆ. ಹೆಚ್ಚುವುದು ಕೆಟ್ಟರೆ ಹದವೂ ಕೆಡುತ್ತದೆ.

ಈ ದೋಷ ಹೊತ್ತ ಹೆಂಗಸರಲ್ಲಿ 40 ವರ್ಷದೊಳಗೆ ಸುಮಾರು ಶೇ 75ರಷ್ಟು ಮಂದಿಗೆ ಹಲವು ಗಂಟುಗಳ ಗಳಗಂಡ ಕಾಣಿಸಿಕೊಂಡಿರುತ್ತದೆ ಅಥವಾ ಅದಕ್ಕಾಗಿ ಆಪರೇಷನ್ ಆಗಿರುತ್ತದೆ. ಗಂಡಸರಲ್ಲಿ ಸುಮಾರು ಶೇ 17. ನಾವು ಇದನ್ನು ಹುಡುಕುವುದು ಗಳಗಂಡಕ್ಕಿಂತ ಹೆಚ್ಚಾಗಿ ಅದರ ಜೊತೆ ಬರುವ ಬೇರೆ ಗೆಡ್ಡೆಗಳಿಗಾಗಿ. ಪುಟ್ಟ ಮಕ್ಕಳ ಶ್ವಾಸಕೋಶದ ಒಂದು ಅಪರೂಪದ ಕ್ಯಾನ್ಸರ್, ಮೂತ್ರಪಿಂಡದ ನೀರುಗುಳ್ಳೆಗಳು, ಹರೆಯದ ಹುಡುಗಿಯರ ಅಂಡಾಶಯದ ಗೆಡ್ಡೆ ಇವೆಲ್ಲ ಇದೇ ಜೀನ್‌ಗೆ ಸೇರಿದವು. ಇಪ್ಪತ್ತು ದಾಟುವ ಮೊದಲೇ ಕತ್ತಿನಲ್ಲಿ ಹಲವು ಗಂಟು, ಅಮ್ಮನಿಗೂ ಚಿಕ್ಕಮ್ಮನಿಗೂ ಹಾಗೇ, ಮನೆಯಲ್ಲಿ ಒಂದು ಮಗು ಶ್ವಾಸಕೋಶದ ಗೆಡ್ಡೆಯಿಂದ ತೀರಿಕೊಂಡಿತ್ತು ಎಂಬ ಚರಿತ್ರೆ ಸಿಕ್ಕರೆ ಡೈಸರ್-1 ನೆನಪಾಗಬೇಕು.

ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಹದಿಮೂರಕ್ಕೆ ಕತ್ತು ಊದಲು ಶುರುವಾಗಿದೆ. ಸಂಬಂಧ ಇದೆಯೇ?

ಇರಬಹುದು, ಮತ್ತು ಇದನ್ನು ಕೇಳಿದ್ದು ಒಳ್ಳೆಯದಾಯಿತು. ಕಿವಿಯ ಡಾಕ್ಟರು ಕಿವಿ ನೋಡುತ್ತಾರೆ, ನಾವು ಕತ್ತು ನೋಡುತ್ತೇವೆ. ಎರಡನ್ನೂ ಜೋಡಿಸುವವರು ಎಷ್ಟೋ ಸಲ ತಾಯಂದಿರೇ.

ಇಂಗ್ಲೆಂಡಿನ ವೈದ್ಯ ವಾನ್ ಪೆಂಡ್ರೆಡ್ 1896ರಲ್ಲಿ ಕಿವುಡುತನವೂ ಗಳಗಂಡವೂ ಇದ್ದ ಇಬ್ಬರು ಅಕ್ಕತಂಗಿಯರ ಬಗ್ಗೆ ಬರೆದ. ಅದಕ್ಕೆ ಕಾರಣವಾದ ಜೀನ್ ಸಿಕ್ಕಲು ನೂರು ವರ್ಷ ಹಿಡಿಯಿತು. 1997ರಲ್ಲಿ 7ನೇ ವರ್ಣತಂತುವಿನಲ್ಲಿ ಅದು ಸಿಕ್ಕಿತು, ಹೆಸರು ಎಸ್‌ಎಲ್‌ಸಿ-26ಎ4. ಅದು ತಯಾರಿಸುವ ಪ್ರೊಟೀನ್ ಪೆಂಡ್ರಿನ್. ಥೈರಾಯ್ಡ್‌ನಲ್ಲಿ ಅಯೋಡಿನ್ನನ್ನು ಹಾರ್ಮೋನ್ ಕಟ್ಟುವ ಜಾಗಕ್ಕೆ ದಾಟಿಸುವ ಬಾಗಿಲು ಅದು, ಒಳಕಿವಿಯಲ್ಲಿ ದ್ರವದ ಸಮತೋಲ ಕಾಯುವುದೂ ಅದೇ. ಬಾಗಿಲು ಕೆಟ್ಟರೆ ಎರಡು ಕಡೆಯೂ ತೊಂದರೆ. ಕಿವಿಯ ದೋಷ ಹುಟ್ಟಿನಿಂದ ಅಥವಾ ಎಳವೆಯಲ್ಲೇ ಕಾಣುತ್ತದೆ. ಕತ್ತಿನ ಊತ ಬಾಲ್ಯದ ಕೊನೆಗೆ, ಹರೆಯಕ್ಕೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಹಾರ್ಮೋನ್ ಮಟ್ಟ ಬಹುಪಾಲು ಸರಿಯಾಗಿಯೇ ಇರುವುದರಿಂದ ರಕ್ತಪರೀಕ್ಷೆ ನೋಡಿ "ಏನಿಲ್ಲ" ಎಂದು ಕಳಿಸಿಬಿಡುವ ಅಪಾಯವಿದೆ. ಕಿವಿಯ ಮೂಳೆಯ ಸ್ಕ್ಯಾನಿನಲ್ಲಿ ಒಳಕಿವಿಯ ಒಂದು ನಾಳ ಅಗಲವಾಗಿರುವುದು ದೊಡ್ಡ ಸುಳಿವು. ಈ ಮಕ್ಕಳಿಗೆ ತಲೆಗೆ ಪೆಟ್ಟು ಬಿದ್ದರೆ ಉಳಿದ ಶ್ರವಣವೂ ಇದ್ದಕ್ಕಿದ್ದಂತೆ ಕುಸಿಯಬಹುದು. ಕಬಡ್ಡಿ, ಕುಸ್ತಿಯಂಥ ಆಟಕ್ಕೆ ಬಿಡುವ ಮೊದಲು ಕಿವಿಯ ಡಾಕ್ಟರನ್ನು ಕೇಳಿ.

ಇದು ಬರಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಈ ಜೀನ್‌ನ ಕೆಟ್ಟ ಪ್ರತಿ ಬರಬೇಕು. ಒಂದೊಂದೇ ಕೆಟ್ಟ ಪ್ರತಿ ಇಟ್ಟುಕೊಂಡಿರುವ ತಂದೆತಾಯಿಗೆ ಏನೂ ಆಗಿರುವುದಿಲ್ಲ, ತಿಳಿದೂ ಇರುವುದಿಲ್ಲ. ಅಂಥ ದಂಪತಿಯ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಅಕ್ಕನ ಮಗಳನ್ನು ತಂದುಕೊಳ್ಳುವ, ಸೋದರಮಾವನ ಮಗನಿಗೆ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಗಂಡ ಹೆಂಡತಿಗೆ ಅಜ್ಜ ಅಜ್ಜಿ ಒಬ್ಬರೇ ಆದಾಗ ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಇಳಿದು ಬರುವ ದಾರಿ ಹತ್ತಿರವಾಗುತ್ತದೆ. ಹಾಗೆ ಮದುವೆಯಾದವರನ್ನು ಹೀಯಾಳಿಸುವುದರಿಂದ ಏನೂ ಸಿಗದು. ಮುಂದಿನ ಮಗುವಿಗೆ ಮೊದಲು ಒಬ್ಬ ಆನುವಂಶಿಕ ತಜ್ಞರ ಹತ್ತಿರ ಕೂತು ಮಾತಾಡಿದರೆ ಸಿಗುತ್ತದೆ.

ಹುಟ್ಟಿದ ಮಗುವಿಗೇ ಥೈರಾಯ್ಡ್ ಕಡಿಮೆ ಎಂದರು. ಇದೂ ವಂಶದಿಂದಲೇ?

ಹೆಚ್ಚಿನ ಮಕ್ಕಳಲ್ಲಿ ಗ್ರಂಥಿ ಸರಿಯಾಗಿ ರೂಪುಗೊಂಡಿರುವುದಿಲ್ಲ, ಅಥವಾ ನಾಲಿಗೆಯ ಬುಡದಂಥ ತಪ್ಪು ಜಾಗದಲ್ಲಿರುತ್ತದೆ. ಅದು ಸಾಮಾನ್ಯವಾಗಿ ವಂಶದಲ್ಲಿ ಮರುಕಳಿಸುವುದಿಲ್ಲ. ಸ್ವಲ್ಪ ಮಕ್ಕಳಲ್ಲಿ ಗ್ರಂಥಿ ಇದ್ದಲ್ಲೇ ಇದ್ದು ಹಾರ್ಮೋನ್ ಕಟ್ಟುವ ಯಾವುದೋ ಒಂದು ಹಂತ ಕೆಟ್ಟಿರುತ್ತದೆ. ಅಯೋಡಿನ್ ಒಳಗೆಳೆಯುವ ಪಂಪು, ಟಿಪಿಒ ಎಂಬ ಕಿಣ್ವ, ಥೈರೊಗ್ಲೊಬ್ಯುಲಿನ್, ಡಿಯುಒಎಕ್ಸ್-2 ಹೀಗೆ ಒಂದೊಂದು ಹಂತಕ್ಕೂ ಒಂದೊಂದು ಜೀನ್. ಹಾರ್ಮೋನ್ ಸಾಲದೆಂದು ಮಿದುಳು ಟಿಎಸ್‌ಎಚ್ ಸುರಿಸುತ್ತಲೇ ಇರುತ್ತದೆ, ಗ್ರಂಥಿ ಊದುತ್ತಲೇ ಹೋಗುತ್ತದೆ. ಇವೂ ಬಹುತೇಕ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣಿಸುವ ದೋಷಗಳು.

ಯಾವ ಜೀನ್ ಎಂದು ಹುಡುಕುವುದು ಆಮೇಲೆ. ಮಾತ್ರೆ ಮೊದಲು. ಹುಟ್ಟಿದ ಎರಡು ವಾರದೊಳಗೆ ಥೈರಾಕ್ಸಿನ್ ಶುರುವಾದರೆ ಮಗುವಿನ ಬುದ್ಧಿ ಬೆಳವಣಿಗೆ ಉಳಿಯುತ್ತದೆ. ಹಿಮ್ಮಡಿಗೆ ಚುಚ್ಚಿ ತೆಗೆಯುವ ಹನಿ ರಕ್ತದ ಪರೀಕ್ಷೆಯನ್ನು "ಪಾಪ, ಹಸುಗೂಸು" ಎಂದು ಬೇಡವೆನ್ನಬೇಡಿ.

ಗಂಟು ಎಂದರೆ ಕ್ಯಾನ್ಸರೇ? ಅದು ಮನೆತನದಲ್ಲಿ ಬರುತ್ತದೆಯೇ?

ಗಂಟುಗಳು ಅತಿ ಸಾಮಾನ್ಯ. ಕೈಗೆ ಸಿಗುವಂಥವು ಸುಮಾರು ನೂರರಲ್ಲಿ ಐದು ಹೆಂಗಸರಲ್ಲಿ, ನೂರರಲ್ಲಿ ಒಬ್ಬ ಗಂಡಸಿನಲ್ಲಿ ಇರುತ್ತವೆ. ಸ್ಕ್ಯಾನ್ ಹಿಡಿದು ಹುಡುಕಿದರೆ ಇದರ ಹಲವು ಪಟ್ಟು ಸಿಗುತ್ತವೆ. ಪರೀಕ್ಷೆಗೆ ಬಂದ ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುದು ನೂರಕ್ಕೆ ಐದರಿಂದ ಹದಿನೈದು. ಅದರಲ್ಲೂ ಬಹುಪಾಲು ಪ್ಯಾಪಿಲರಿ ಬಗೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವಂಥದ್ದು, ಸಾಮಾನ್ಯವಾಗಿ ವಂಶದಿಂದ ಬಾರದ್ದು.

ನನ್ನನ್ನು ಕುರ್ಚಿಯ ತುದಿಗೆ ತಂದು ಕೂರಿಸುವ ಪದ ಇನ್ನೊಂದಿದೆ: ಮೆಡ್ಯುಲರಿ. ಅಪ್ಪನದ್ದೋ ಅತ್ತೆಯದ್ದೋ ಹಳೆಯ ಬಯಾಪ್ಸಿ ರಿಪೋರ್ಟಿನಲ್ಲಿ ಆ ಪದ ಇದ್ದರೆ ಮಿಕ್ಕ ಮಾತೆಲ್ಲ ಆಮೇಲೆ. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಇದರ ಪಾಲು ಸಣ್ಣದು. ಆದರೆ ಮೆಡ್ಯುಲರಿ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು 10ನೇ ವರ್ಣತಂತುವಿನ ರೆಟ್ ಎಂಬ ಜೀನ್‌ನಿಂದ ಬಂದಿರುತ್ತದೆ. ಇದಕ್ಕೆ ಒಂದೇ ಪ್ರತಿ ಸಾಕು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ, ಗಂಡು ಹೆಣ್ಣೆಂಬ ಭೇದವಿಲ್ಲ. ಹಾಗಾಗಿ ಮೆಡ್ಯುಲರಿ ಎಂದು ಗೊತ್ತಾದ ಪ್ರತಿಯೊಬ್ಬರಿಗೂ, ಮನೆಯಲ್ಲಿ ಬೇರೆ ಯಾರಿಗೂ ಇರದಿದ್ದರೂ, ರೆಟ್ ಪರೀಕ್ಷೆ ಮಾಡಿಸಬೇಕು. ದೋಷ ಸಿಕ್ಕರೆ ಮಕ್ಕಳಿಗೆ, ಒಡಹುಟ್ಟಿದವರಿಗೆ ಅದೊಂದೇ ದೋಷವನ್ನು ಹುಡುಕುವ ಸರಳ ಪರೀಕ್ಷೆ ಸಾಕು.

ಈ ಜೀನ್‌ನಲ್ಲಿ ದೋಷ ಎಲ್ಲಿದೆ ಎಂಬುದರ ಮೇಲೆ ಆಪರೇಷನ್ನಿನ ವಯಸ್ಸೇ ನಿರ್ಧಾರವಾಗುತ್ತದೆ. 918ನೇ ಸ್ಥಾನದ ದೋಷವಾದರೆ ಮಗುವಿನ ಮೊದಲ ವರ್ಷದಲ್ಲೇ ಗ್ರಂಥಿ ತೆಗೆಯಬೇಕು ಎನ್ನುತ್ತಾರೆ. 634 ಆದರೆ ಐದು ವರ್ಷದ ಹೊತ್ತಿಗೆ. ಆಟವಾಡಿಕೊಂಡಿರುವ ಕೂಸಿನ ಕತ್ತಿಗೆ ಕತ್ತಿ ಹಾಕಿಸುವುದು ಹೇಗೆ ಎಂದು ಅಜ್ಜ ಅಜ್ಜಿಯರು ಸಿಟ್ಟಾಗುತ್ತಾರೆ. ಅವರ ಸಂಕಟ ಅರ್ಥವಾಗುವಂಥದ್ದೇ. ಆದರೂ ಕ್ಯಾನ್ಸರ್ ಹುಟ್ಟುವ ಮೊದಲೇ ಅದರ ಜಾಗವನ್ನೇ ಇಲ್ಲವಾಗಿಸುವ ಅವಕಾಶ ವೈದ್ಯಕೀಯದಲ್ಲಿ ಬಹಳ ಅಪರೂಪ, ಇಲ್ಲಿ ಅದಿದೆ. ಇದೇ ಕುಟುಂಬಗಳಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಗೆಡ್ಡೆಯೂ ಬರುವುದರಿಂದ, ದೊಡ್ಡವರಿಗೆ ಕತ್ತಿನ ಆಪರೇಷನ್ನಿಗೆ ಮೊದಲು ಅದನ್ನು ನೋಡಿಕೊಳ್ಳಲೇಬೇಕು. ಇಲ್ಲವಾದರೆ ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಪ್ರಾಣಕ್ಕೆ ಎರವಾಗುವಷ್ಟು ಏರಬಹುದು.

ಇನ್ನೆರಡನ್ನು ಬೇಗ ಹೇಳಿಬಿಡುತ್ತೇನೆ. ತಲೆಯ ಸುತ್ತಳತೆ ಎದ್ದುಕಾಣುವಷ್ಟು ದೊಡ್ಡದು, ಮನೆಯಲ್ಲಿ ಸ್ತನ ಅಥವಾ ಗರ್ಭಕೋಶದ ಕ್ಯಾನ್ಸರ್, ಜೊತೆಗೆ ಥೈರಾಯ್ಡ್ ಗಂಟು: ಇದು ಪಿಟೆನ್ ಜೀನ್ ಇರಬಹುದು. ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್ (ಸಣ್ಣ ಗಂಟಿನಂಥ ಬೆಳವಣಿಗೆ) ಇರುವ ಕುಟುಂಬದ ಯುವತಿಗೆ ಗಂಟು: ಎಪಿಸಿ ಜೀನ್.

ನನ್ನ ಗಂಟಿನ ರಿಪೋರ್ಟಿನಲ್ಲಿ 'ಬ್ರಾಫ್ ಮ್ಯುಟೇಶನ್ ಪಾಸಿಟಿವ್' ಎಂದಿದೆ. ಮಕ್ಕಳಿಗೂ ಪರೀಕ್ಷೆ ಮಾಡಿಸಲೇ?

ಬೇಡ. ಬ್ರಾಫ್ ಎಂಬ ಜೀನ್‌ನ ಆ ಬದಲಾವಣೆ ಗಂಟಿನ ಜೀವಕೋಶಗಳಲ್ಲಿ, ನಿಮ್ಮ ಜೀವಿತದಲ್ಲಿ ಆದದ್ದು. ಮಕ್ಕಳಿಗೆ ಹೋಗುವುದು ಅಂಡಾಣು ಮತ್ತು ವೀರ್ಯಾಣುವಿನಲ್ಲಿ ಇರುವಂಥದ್ದು ಮಾತ್ರ. ಬಿಸಿಲಿಗೆ ಕಪ್ಪಾದ ಕೈಯನ್ನು ಮಕ್ಕಳು ಪಡೆಯುವುದಿಲ್ಲವಲ್ಲ, ಹಾಗೆ. ಬ್ರಾಫ್, ರಾಸ್ ಎಂದು ಗಂಟಿನಲ್ಲಿ ಕಾಣುವವು ಬಹುಮಟ್ಟಿಗೆ ಈ ಬಗೆಯವು. ರೆಟ್ ಮಾತ್ರ ಗಂಟಿನಲ್ಲೂ ಇರಬಹುದು, ವಂಶದಲ್ಲೂ ಇರಬಹುದು. ಅದಕ್ಕೇ ಅದನ್ನು ರಕ್ತದಲ್ಲೂ ನೋಡುತ್ತೇವೆ.

ಮನೆಯವರೆಲ್ಲ ಒಮ್ಮೆ ಕತ್ತಿನ ಸ್ಕ್ಯಾನ್ ಮಾಡಿಸಿಬಿಡೋಣವೇ?

ಪ್ಯಾಕೇಜಿನಲ್ಲಿ ಸಿಗುತ್ತದೆ ಎಂದು ಮಾಡಿಸಬೇಡಿ. ದಕ್ಷಿಣ ಕೊರಿಯಾದಲ್ಲಿ ಏನಾಯಿತೆಂದು ನೋಡಿ. ತಪಾಸಣೆಯ ಜೊತೆಗೆ ಕತ್ತಿನ ಸ್ಕ್ಯಾನೂ ರೂಢಿಯಾಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ಕ್ಕಿಂತ 15 ಪಟ್ಟು ಹೆಚ್ಚಿತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಕದಲಲಿಲ್ಲ. ಯಾರಿಗೂ ಕೇಡು ಮಾಡದೆ ಕೂತಿದ್ದ ಸಣ್ಣ ಸಣ್ಣ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ಕಳೆದುಕೊಂಡು ಮಾತ್ರೆಗೆ ಬಿದ್ದರು.

ಮನೆಯಲ್ಲಿ ಮೆಡ್ಯುಲರಿ, ಪಿಟೆನ್, ಡೈಸರ್-1 ಇದ್ದರೆ, ಅಪ್ಪ ಅಮ್ಮ ಒಡಹುಟ್ಟಿದವರು ಮಕ್ಕಳ ಪೈಕಿ ಇಬ್ಬರಿಗಿಂತ ಹೆಚ್ಚು ಜನರಿಗೆ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ, ಎಳವೆಯಲ್ಲಿ ಕತ್ತಿಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ಲೆಕ್ಕ ಬೇರೆ. ಅಮ್ಮನಿಗೆ ಮಾಮೂಲಿ ಗಳಗಂಡ ಇದೆ ಎಂದಷ್ಟೇ ಆದರೆ ಕನ್ನಡಿ ಮುಂದೆ ಗದ್ದ ಎತ್ತಿ ಒಂದು ಗುಟುಕು ನೀರು ನುಂಗಿ ನೋಡಿ, ಏನಾದರೂ ಉಬ್ಬಿ ಮೇಲೆ ಕೆಳಗೆ ಹೋದರೆ ತೋರಿಸಿ. ಧ್ವನಿ ಒಡೆದರೆ, ಗಂಟು ಬೇಗ ಬೆಳೆದರೆ, ನುಂಗಲು ಉಸಿರಾಡಲು ಅಡ್ಡಿಯಾದರೆ ಕಾಯಬೇಡಿ.

ಹೆಂಗಸರಿಗೇ ಏಕೆ ಹೆಚ್ಚು?

ಈಸ್ಟ್ರೊಜೆನ್ ಗ್ರಂಥಿಯ ಕೋಶಗಳಿಗೆ ಬೆಳೆಯಲು ಕುಮ್ಮಕ್ಕು ಕೊಡುತ್ತದೆ. ಬಸಿರಿನಲ್ಲಿ ಅಯೋಡಿನ್ ಬೇಡಿಕೆಯೂ ಏರುತ್ತದೆ. ಡೈಸರ್-1ರಂಥ ಗಂಡು ಹೆಣ್ಣಿಗೆ ಸಮನಾಗಿ ಹಂಚಿಹೋಗುವ ಜೀನ್ ಕೂಡ ಹೆಂಗಸರಲ್ಲೇ ಹೆಚ್ಚು ಗಳಗಂಡವಾಗಿ ಕಾಣುತ್ತದೆ. ಹಾಗಾಗಿ ದೋಷ ಅಪ್ಪನ ಕಡೆಯಿಂದ, ಅವರ ಕತ್ತಿನಲ್ಲಿ ಏನೂ ತೋರದೆಯೇ ಬಂದಿರಬಹುದು. "ಅಮ್ಮನ ಕಡೆ ಯಾರಿಗೂ ಇಲ್ಲ" ಎಂದು ನಿಲ್ಲಿಸಬೇಡಿ, ಸೋದರತ್ತೆಯರನ್ನೂ ವಿಚಾರಿಸಿ.

ಕೋಸು, ಸೋಯಾ, ಸಜ್ಜೆ ಬಿಡಬೇಕೇ?

ಅಯೋಡಿನ್ ಉಪ್ಪು ತಿನ್ನುವವರು ಬೇಯಿಸಿದ ಕೋಸಿನ ಪಲ್ಯ ಬಿಡಬೇಕಿಲ್ಲ. ಸಜ್ಜೆಯೇ ಮುಖ್ಯ ಆಹಾರವಾಗಿ ಅಯೋಡಿನ್ನೂ ಸಿಗದ ಕಡೆ, ಸೂಡಾನಿನಲ್ಲಿ, ಅದು ಗಳಗಂಡಕ್ಕೆ ಜೊತೆಗೂಡಿದ್ದುಂಟು. ವಾರಕ್ಕೆ ನಾಲ್ಕು ಸಲ ಸಜ್ಜೆ ರೊಟ್ಟಿ ತಿನ್ನುವವರಿಗೆ ಅದು ಅನ್ವಯಿಸುವುದಿಲ್ಲ. ಸೋಯಾ ಮಾತ್ರ ಥೈರಾಕ್ಸಿನ್ ಮಾತ್ರೆಯ ಜೊತೆಜೊತೆಗೇ ಬೇಡ.

ಮಗಳಿಗೆ ಗಂಡು ನೋಡುತ್ತಿದ್ದೇವೆ. ಗಳಗಂಡ ಇರುವುದನ್ನು ಹೇಳಬೇಕೇ?

ಹೇಳಿ, ಆದರೆ ಸರಿಯಾಗಿ ಹೇಳಿ. "ಥೈರಾಯ್ಡ್ ಇದೆ" ಎಂದು ಪಿಸುಗುಟ್ಟಿದರೆ ಅವರು ಏನೇನೋ ಊಹಿಸಿಕೊಳ್ಳುತ್ತಾರೆ. "ಗ್ರಂಥಿ ಸ್ವಲ್ಪ ದೊಡ್ಡದಿದೆ, ಹಾರ್ಮೋನ್ ಸರಿಯಿದೆ, ಮಕ್ಕಳಾಗಲು ತೊಂದರೆಯಿಲ್ಲ" ಎಂಬ ಪೂರ್ತಿ ವಾಕ್ಯ ಹೇಳಿ. ಗಂಡಿನ ಮನೆಯ ಚರಿತ್ರೆಯನ್ನು ಕೇಳಲು ನಿಮಗೂ ಅಷ್ಟೇ ಹಕ್ಕಿದೆ. ವಂಶವಾಹಿಗಳು ಎರಡೂ ಕಡೆಯಿಂದ ಬರುತ್ತವೆ.

ಅಜ್ಜಿಗೆ ಕತ್ತಿನ ಆಪರೇಷನ್ ಆಗಿತ್ತು. ರಿಪೋರ್ಟ್ ಎಲ್ಲೂ ಸಿಗುತ್ತಿಲ್ಲ. ಈಗೇನು ಮಾಡುವುದು?

ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಕೇಳಿ. ತೆಗೆದ ಗಂಟಿನ ಚೂರುಗಳನ್ನು ಮೇಣದಲ್ಲಿ ಕೂರಿಸಿ ಹಲವು ವರ್ಷ ಇಟ್ಟಿರುತ್ತಾರೆ. ಅಜ್ಜಿಯ ಹೆಸರು, ಆಸ್ಪತ್ರೆ ಸೇರಿದ ವರ್ಷ, ನಂಬರು ಇದ್ದರೆ ಹುಡುಕುವುದು ಸುಲಭ. ಅದೂ ಸಿಗದಿದ್ದರೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಆಪರೇಷನ್ ಆದಾಗ ಅಜ್ಜಿಗೆ ಎಷ್ಟು ವಯಸ್ಸು? ಆಮೇಲೆ ದೊಡ್ಡಾಸ್ಪತ್ರೆಗೆ ಕರೆದೊಯ್ದು ಒಂದೆರಡು ದಿನ ಒಂಟಿ ಕೋಣೆಯಲ್ಲಿ ಇಟ್ಟಿದ್ದರೇ? ಹಾಗಿದ್ದರೆ ಅದು ರೇಡಿಯೊ ಅಯೋಡಿನ್ ಆಗಿರಬಹುದು. ಆ ಚಿಕಿತ್ಸೆ ಪ್ಯಾಪಿಲರಿ, ಫಾಲಿಕ್ಯುಲರ್ ಕ್ಯಾನ್ಸರುಗಳಿಗೆ, ಮೆಡ್ಯುಲರಿಗಲ್ಲ. ಅಜ್ಜಿಗೆ ಬಿಪಿ ಇದ್ದಕ್ಕಿದ್ದಂತೆ ಏರುವುದು, ಬೆವರಿ ಬಿಳಿಚಿಕೊಳ್ಳುವುದು ಇತ್ತೇ? ಅವರ ಅಣ್ಣತಮ್ಮಂದಿರಲ್ಲಿ ಯಾರಾದರೂ ಆಪರೇಷನ್ ಟೇಬಲ್ ಮೇಲೆಯೇ ತೀರಿಕೊಂಡಿದ್ದರೇ? ಕಿವಿ ಕೇಳಿಸದವರು ಮನೆಯಲ್ಲಿ ಇದ್ದರೇ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಮೂರು ತಲೆಮಾರಿನ ಹೆಸರುಗಳ ಮುಂದೆ ವಯಸ್ಸು ಹಾಕಿ ತನ್ನಿ. ಜೀನ್ ಪರೀಕ್ಷೆ ಬೇಕೇ, ಯಾವುದು, ಮೊದಲು ಯಾರಿಗೆ ಎಂಬುದನ್ನು ಆ ಹಾಳೆ ನೋಡಿ ಹೇಳಬಹುದು. ಪರೀಕ್ಷೆ ಮಾಡುವುದಾದರೆ ಕಾಯಿಲೆ ಬಂದವರಿಂದಲೇ ಶುರು. ಆರೋಗ್ಯವಾಗಿರುವ ಮೊಮ್ಮಗಳಿಂದ ಶುರುಮಾಡಿದರೆ, ಏನೂ ಸಿಗದಿದ್ದಾಗ ಅವಳಿಗೆ ಬಂದಿಲ್ಲವೋ, ಮನೆಯ ದೋಷ ಇರುವ ಜೀನನ್ನೇ ನೋಡಿಲ್ಲವೋ ಎಂದು ತಿಳಿಯುವುದಿಲ್ಲ.